ಒಂದೇ ನಟ್ಟು, ಆರುನೂರರ ಬಿಗಿ

ಮೈಸೂರು ರಸ್ತೆಯ ಪಕ್ಕದ ಗ್ಯಾರೇಜೊಂದಕ್ಕೆ ಕಳೆದ ವಾರ ಲಾರಿಯ ಮೇಲೆ ಕೂತು ಒಂದು ಪೋರ್ಷೆ 911 ಜಿಟಿ3 ಬಂತು. ಹಿಂದಿನ ಎಡಗಡೆಯ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಟೈರಿನ ಮಗ್ಗುಲೇ ಸೀಳಿದ್ದರಿಂದ ಕಾರಿನ ಜತೆ ಕೊಡುವ ಸೀಲೆಂಟ್ ಬಾಟಲಿಯಿಂದ ಏನೂ ಉಪಯೋಗವಾಗಿರಲಿಲ್ಲ. ಸ್ಟೆಪ್ನಿಯಂತೂ ಈ ಕಾರಿನಲ್ಲಿ ಇರುವುದೇ ಇಲ್ಲ. ಬೇರೆ ಕೆಲಸಕ್ಕೆ ಹೋಗಿದ್ದ ನಾನು ಅದನ್ನು ಮರೆತು ಅಲ್ಲೇ ನಿಂತುಬಿಟ್ಟೆ. ನಡುವಿನ ಒಂದೇ ನಟ್ಟಿನಲ್ಲಿ ನಿಲ್ಲುವ ಸೆಂಟರ್ ಲಾಕ್ ಚಕ್ರದ ಬಗ್ಗೆ ಎಷ್ಟೋ ಓದಿದ್ದರೂ ಅದನ್ನು ಕಳಚುವುದನ್ನು ಕಣ್ಣಾರೆ ಕಂಡಿರಲಿಲ್ಲ.

ಹುಡುಗನೊಬ್ಬ ವೀಲ್ ಸ್ಪ್ಯಾನರ್ ಹಿಡಿದು ಬಂದ. ಹಿರಿಯ ಮೆಕ್ಯಾನಿಕ್ ಅವನನ್ನು ತಡೆದರು. "ಅದನ್ನ ಒಳಗಿಡಪ್ಪಾ. ಕಾರಿನ ಮುಂದಿನ ಡಿಕ್ಕಿ ನೋಡು, ಅದರದೇ ಸಾಕೆಟ್ ಇರತ್ತೆ." ಇತ್ತು. ಅಂಗೈ ತುಂಬುವಷ್ಟು ದೊಡ್ಡ ಅಲ್ಯುಮಿನಿಯಂ ಸಾಕೆಟ್. ಚಕ್ರದ ನಡುವಿನ ಮುಚ್ಚಳ ತೆಗೆದು ಅದನ್ನು ಒಳಕ್ಕೆ ಒತ್ತಿದರು. ನಟ್ಟಿನ ನಡುವೆ ಸ್ಪ್ರಿಂಗಿನ ಲಾಕ್ ಪಿನ್ ಒಂದಿದೆ, ಓಡುವಾಗ ನಟ್ಟು ಬಿಚ್ಚಿಕೊಳ್ಳದಂತೆ ಕಾಯುವುದು ಅದೇ. ಸಾಕೆಟ್ ಕೂತಾಗ ಪಿನ್ ಹಿಂದೆ ಸರಿದು ನಟ್ಟಿಗೆ ದಾರಿ ಬಿಡುತ್ತದೆ.

"ಸಾರ್, ನೀವು ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ. ನಾನು ಹೇಳೋವರೆಗೆ ಕಾಲು ತೆಗೀಬೇಡಿ" ಎಂದು ಮಾಲೀಕರಿಗೆ ಹೇಳಿ, ತಮ್ಮ ಎದೆಯೆತ್ತರದ ಸರಳನ್ನು ಸಾಕೆಟ್ಟಿಗೆ ಸಿಕ್ಕಿಸಿದರು. ಈ ಒಂದು ನಟ್ಟಿನ ಬಿಗಿ 600 ನ್ಯೂಟನ್ ಮೀಟರ್. ನಮ್ಮ ಸಣ್ಣ ಕಾರುಗಳ ನಟ್ಟಿಗೆ ಹೆಚ್ಚುಕಡಿಮೆ 100 ಸಾಕು. ಒಂದು ಮೀಟರ್ ಸರಳಿನ ತುದಿಗೆ ಅರವತ್ತು ಕಿಲೋಗಿಂತ ತುಸು ಹೆಚ್ಚು ಭಾರ ಹಾಕಿದರೆ 600 ಆಗುತ್ತದೆ, ಅಂದರೆ ಒಬ್ಬ ಆಳು ಪೂರ್ತಿ ಜೋತುಬೀಳಬೇಕು. ಅವರು ಜೋತುಬಿದ್ದರು. "ಟಕ್" ಎಂಬ ಸದ್ದಿಗೆ ಗ್ಯಾರೇಜಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಜಾಕ್ ಏರಿಸಿ, ಬ್ರೇಕ್ ಡಿಸ್ಕಿಗೆ ತಾಗದಂತೆ ಇಬ್ಬರು ಹಿಡಿದು ಚಕ್ರವನ್ನು ನೇರವಾಗಿ ಹೊರಕ್ಕೆಳೆದರು.

ಇಷ್ಟು ಪಡಿಪಾಟಲಿನ ಈ ಏರ್ಪಾಟು ಹುಟ್ಟಿದ್ದು ದಾರಿಯಲ್ಲಿ ಪಂಕ್ಚರಾದವನ ಕಷ್ಟ ತಗ್ಗಿಸಲೆಂದೇ. ಮೋಟಾರು ಬಂದ ಹೊಸತರಲ್ಲಿ ಚಕ್ರ ಕಳಚುವಂತಿರಲಿಲ್ಲ, ರಸ್ತೆ ಬದಿಯಲ್ಲೇ ಟೈರನ್ನು ರಿಮ್ಮಿನಿಂದ ಕಿತ್ತು ಹೊಸದನ್ನು ಹಾಕಬೇಕಿತ್ತು. 1906ರಲ್ಲಿ ಲೆ ಮಾನ್‌ನಲ್ಲಿ ನಡೆದ ಮೊದಲ ಗ್ರ್ಯಾಂಡ್ ಪ್ರಿಯನ್ನು ಫೆರೆಂಕ್ ಸಿಸ್ ರೆನೋ ಕಾರಿನಲ್ಲಿ ಗೆಲ್ಲಲು ಮಿಷೆಲಿನ್‌ನ ಕಳಚುವ ರಿಮ್ಮು ದೊಡ್ಡ ಕಾರಣ. ಅಷ್ಟರಲ್ಲೇ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸೈಕಲ್ ಮಾಡುತ್ತಿದ್ದ ರಜ್-ವಿಟ್‌ವರ್ತ್ ಕಂಪನಿಯ ಜಾನ್ ಪ್ಯೂ ಇಡೀ ಚಕ್ರವನ್ನೇ ಒಂದು ನಟ್ಟಿನಿಂದ ಕಳಚುವ ವಿಧಾನ ಕಂಡುಹಿಡಿದ. ಆ ಚಕ್ರಗಳಿವೆ ಎಂಬ ಕಾರಣಕ್ಕೆ 1908ರ ಫ್ರೆಂಚ್ ಗ್ರ್ಯಾಂಡ್ ಪ್ರಿಗೆ ನೇಪಿಯರ್ ಕಾರುಗಳನ್ನು ಸೇರಿಸಿಕೊಳ್ಳಲಿಲ್ಲ. ಒಳ್ಳೆಯ ಉಪಾಯಕ್ಕೆ ಸಿಕ್ಕ ಈ ಮರ್ಯಾದೆ ನನಗೆ ಈಗಲೂ ಅನ್ಯಾಯವೆನಿಸುತ್ತದೆ.

ಆ ಹಳೆಯ ನಟ್ಟಿನ ಮೇಲೆ ನನಗೆ ವಿಪರೀತ ಮೋಹ. ಎಂಜಿ, ಜಾಗ್ವಾರ್‌ಗಳ ತಂತಿ ಚಕ್ರದ ನಡುವೆ ರೆಕ್ಕೆ ಚಾಚಿ ಕೂತಿರುವುದು ಅದೇ. ತಾಮ್ರದ ಸುತ್ತಿಗೆಯಿಂದ ರೆಕ್ಕೆಗೆ ಒಂದೆರಡು ಪೆಟ್ಟು ಹಾಕಿದರೆ ಸಡಿಲ. ಅದರ ನಿಜವಾದ ಜಾಣ್ಮೆ ಥ್ರೆಡ್ಡಿನಲ್ಲಿದೆ. ಎಡಗಡೆಯ ಚಕ್ರಗಳಿಗೆ ಮಾಮೂಲಿ ಬಲ ಥ್ರೆಡ್, ಬಲಗಡೆಯವಕ್ಕೆ ಎಡ ಥ್ರೆಡ್. ಹಬ್ಬಿಗೂ ಚಕ್ರಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಡಿಲ ಇದ್ದೇ ಇರುತ್ತದೆ. ಕಾರಿನ ಭಾರ ಹೊತ್ತು ಚಕ್ರ ಉರುಳುವಾಗ ಆ ಸಡಿಲದಲ್ಲಿ ನಟ್ಟು ಒಂದೇ ಕಡೆಗೆ ಕೂದಲೆಳೆಯಷ್ಟು ಜರುಗುತ್ತ ಹೋಗುತ್ತದೆ. ಆ ಜರುಗುವಿಕೆಯಿಂದಲೇ ನಟ್ಟು ಬಿಗಿಯಾಗುವಂತೆ ಥ್ರೆಡ್ ಕೊರೆದಿದ್ದಾರೆ. ಎಡ ಬಲ ಅದಲುಬದಲು ಜೋಡಿಸಿದರೆ ಅದೇ ಓಟ ನಟ್ಟನ್ನು ಬಿಚ್ಚಿ ಚಕ್ರವನ್ನು ರಸ್ತೆಗೆ ಬಿಸಾಡುತ್ತದೆ! ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಜೋಡಿಸುವವರು ಹಬ್ ಹಾಕುವ ಮುನ್ನ ಮೊದಲು ನೋಡಬೇಕಾದದ್ದು ಇದನ್ನೇ. 1960ರ ದಶಕದ ಕೊನೆಗೆ ಅಮೆರಿಕ, ಪಾದಚಾರಿಗಳಿಗೆ ಅಪಾಯವೆಂದು ರೆಕ್ಕೆಯ ನಟ್ಟನ್ನು ನಿಷೇಧಿಸಿತು. ಎಂಟು ಮೂಲೆಯ ಬೋಳು ನಟ್ಟು ಬಂತು. ನಿಷೇಧ ಸರಿಯೇ, ಆದರೆ ಚೆಲುವು ಹೋಯಿತು.

ರೇಸಿನಲ್ಲಿ ಒಂಟಿ ನಟ್ಟಿಗೆ ಎದುರಿಲ್ಲ. 2023ರ ಕತಾರ್ ಫಾರ್ಮುಲಾ 1 ರೇಸಿನಲ್ಲಿ ಮೆಕ್‌ಲಾರೆನ್ ತಂಡ ನಾಲ್ಕೂ ಚಕ್ರ ಬದಲಿಸಲು ತೆಗೆದುಕೊಂಡದ್ದು 1.80 ಸೆಕೆಂಡ್. ಆದರೆ ಹಟ ಹಿಡಿದರೆ ಅಲ್ಲಿಯೂ ಅದು ಯಾರ ಮಾತನ್ನೂ ಕೇಳದು. 2021ರ ಮೊನಾಕೊದಲ್ಲಿ ಎರಡನೇ ಸ್ಥಾನದಲ್ಲಿದ್ದ ವಾಲ್ಟೆರಿ ಬೊಟ್ಟಾಸ್‌ನ ಮರ್ಸಿಡಿಸ್ ಪಿಟ್ಟಿಗೆ ಬಂದಾಗ ಮುಂದಿನ ಬಲ ಚಕ್ರದ ನಟ್ಟನ್ನು ಅದನ್ನು ಬಿಚ್ಚುವ ಗನ್ನೇ ಸವೆಸಿಹಾಕಿತು. ಅವನ ರೇಸು ಅಲ್ಲಿಗೇ ಮುಗಿಯಿತು. ಚಕ್ರ ಕಳಚಿದ್ದು ಎರಡು ದಿನ ಕಳೆದು, ಇಂಗ್ಲೆಂಡಿನ ಬ್ರ್ಯಾಕ್ಲಿ ಕಾರ್ಖಾನೆಯಲ್ಲಿ.

ಗ್ಯಾರೇಜಿನಲ್ಲಿ ಹೊಸ ಟೈರು ಕೂರಿಸಿ ಚಕ್ರವನ್ನು ಹಬ್ಬಿಗೆ ಏರಿಸಿದರು. ಥ್ರೆಡ್ಡನ್ನು ಬಟ್ಟೆಯಲ್ಲಿ ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರು. ಟಾರ್ಕ್ ರೆಂಚಿನಲ್ಲಿ 600ಕ್ಕೆ ಬಿಗಿ ಮಾಡಿ, ಕಾಲು ಸುತ್ತು ಸಡಿಲಿಸಿ, ಮತ್ತೆ 600ಕ್ಕೆ ತಂದರು. ಮೊದಲ ಬಿಗಿಯಲ್ಲಿ ಚಕ್ರ ತನ್ನ ಜಾಗದಲ್ಲಿ ಕೂರುತ್ತದೆ, ಎರಡನೆಯದು ನಿಜವಾದ ಬಿಗಿ. ಕೊನೆಗೆ ಸಾಕೆಟ್ ತೆಗೆದಾಗ ಲಾಕ್ ಪಿನ್ ಪುಟಿದು ಹೊರಬಂತು. ಹುಡುಗನನ್ನು ಕರೆದು ಅದನ್ನು ಬೆರಳಲ್ಲಿ ಮುಟ್ಟಿಸಿದ ಮೇಲೇ ಅವರು ಮುಚ್ಚಳ ಹಾಕಿದ್ದು.

ರೇಸಿಗಿಳಿಯದ ಕಾರಿಗೆ ಐದು ನಟ್ಟಿನ ಚಕ್ರವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಕಾರಿಗೆ ಸೆಂಟರ್ ಲಾಕ್ ಇದ್ದರೆ ಸಾಕೆಟ್ ಸದಾ ಡಿಕ್ಕಿಯಲ್ಲಿರಲಿ. ಪಂಕ್ಚರಾದರೆ ರಸ್ತೆ ಬದಿಯ ಅಂಗಡಿಯವರಿಂದ ನಟ್ಟಿಗೆ ಕೈ ಹಾಕಿಸದೆ ಲಾರಿ ಕರೆಸಿ. ಚಕ್ರ ಮರಳಿ ಜೋಡಿಸಿದ ಮೇಲೆ ಪಿನ್ ಹೊರಬಂದಿದೆಯೇ ಎಂದು ನೀವೇ ನೋಡಿ. ಬರದಿದ್ದರೆ, ಬರುವ ತನಕ ನಟ್ಟನ್ನು ಇನ್ನಷ್ಟು ತಿರುಗಿಸಲು ಹೇಳಿ. ಅಲ್ಲಿಯವರೆಗೆ ಕಾರು ಹೊರಡಿಸಬೇಡಿ.