ಪ್ರಿಂಟರಿಗೂ ಗಾಳಿ ಹಿಡಿಯುತ್ತದೆ

‘ಟ್ಯಾಂಕಿನಲ್ಲಿ ಶಾಯಿ ಅರ್ಧಕ್ಕಿಂತ ಮೇಲೇ ಇದೆ. ಆದರೂ ಅಕ್ಷರಗಳ ನಡುವೆ ಬಿಳಿ ಗೀಟು. ಹೆಡ್ ಕ್ಲೀನಿಂಗ್ ಮಾಡಿದಷ್ಟೂ ಗೀಟು ಹೆಚ್ಚುತ್ತದೆ, ಯಾಕೆ?’ ಎಂದು ಬಿಜೈಯ ಓದುಗರೊಬ್ಬರು ಕೇಳಿದ್ದಾರೆ. ಬೇಸಿಗೆ ರಜೆ ಮುಗಿದು ಶಾಲೆಯ ಪ್ರಾಜೆಕ್ಟುಗಳು ಶುರುವಾಗುವ ಹೊತ್ತಿಗೆ ಮಂಗಳೂರಿನ ಹಲವು ಮನೆಗಳಲ್ಲಿ ಏಳುವ ಪ್ರಶ್ನೆ ಇದು. ‘ಮಳೆಯ ತಂಪಿಗೆ ಶಾಯಿ ಗಟ್ಟಿಯಾಗಿದೆ’ ಎಂಬ ಸಿದ್ಧ ಉತ್ತರವೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಶಾಯಿ ಗಟ್ಟಿಯಾಗುವುದು ಅದರಲ್ಲಿನ ನೀರು ಆರಿದಾಗ. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಮ್ಮೂರಲ್ಲಿ ಯಾವುದು ತಾನೇ ಬೇಗ ಆರುತ್ತದೆ? ಮಳೆಗಾಲದಲ್ಲಿ ಕೆಡುವುದು ಕಾಗದ. ಅದು ತೇವ ಹೀರಿ ಅಕ್ಷರದ ಅಂಚು ಒಡೆದುಕೊಳ್ಳುತ್ತದೆ. ಬೈಗಳು ಮಾತ್ರ ಶಾಯಿಗೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದದ್ದು 1843ರ ಜುಲೈ 1ರಂದು, ಅಂದರೆ ಮಳೆಗಾಲದ ನಟ್ಟನಡುವೆ. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಅದು ಕಲ್ಲಚ್ಚು. ಆ ಶಾಯಿ ಜಿಡ್ಡಿನದ್ದು, ಅಂಟಂಟು. ರೋಲರಿನಿಂದ ಕಲ್ಲಿಗೆ ಸವರಬೇಕು. ಸಣ್ಣ ತೂತಿನೊಳಗೆ ಹರಿಯುವ ಕೆಲಸವೇ ಅದಕ್ಕಿರಲಿಲ್ಲ. ನಮ್ಮ ಮೇಜಿನ ಮೇಲಿನ ಇಂಕ್‌ಜೆಟ್‌ನ ಶಾಯಿಯಲ್ಲಿ ಬಹುಪಾಲು ನೀರು. ಬೇಗ ಆರದಿರಲೆಂದು ಗ್ಲೈಕಾಲ್‌ನಂಥ ದ್ರವ ಬೆರೆಸಿರುತ್ತಾರೆ. ಶಾಯಿ ಹೊರಬರುವ ನಳಿಕೆಯ ಅಗಲ ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತಲೂ ಎಷ್ಟೋ ಕಿರಿದು. ಒಂದು ಹನಿಯ ಅಳತೆ ಕೆಲವು ಪಿಕೋಲೀಟರ್. ಒಂದು ಪಿಕೋಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಇಷ್ಟು ಚಿಕ್ಕ ಹನಿಯನ್ನು ಬೇಕೆಂದಾಗ ಮಾತ್ರ ಚಿಮ್ಮಿಸುವುದು ಹೇಗೆ? 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ, ಬಿಸಿ ಸೋಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಾಗಿತು. ತುದಿಯಿಂದ ಶಾಯಿ ಚಿಮ್ಮಿತು. ಒಳಗೆ ಕುದಿದ ಶಾಯಿಯ ಗುಳ್ಳೆ ಮುಂದಿನದನ್ನು ನೂಕಿತ್ತು. ಅಮೆರಿಕದ ಎಚ್‌ಪಿಯವರೂ ಬೇರೆಯಾಗಿಯೇ ಇದೇ ದಾರಿ ಹಿಡಿದು 1984ರಲ್ಲಿ ಥಿಂಕ್‌ಜೆಟ್ ಮಾರಾಟಕ್ಕೆ ತಂದರು. ಎಪ್ಸನ್‌ನದು ಬೇರೆ ಹಾದಿ. ಕ್ಯೂರಿ ಸಹೋದರರು 1880ರಲ್ಲಿ ಕಂಡ, ಹರಳನ್ನು ಒತ್ತಿದಾಗ ಹುಟ್ಟುವ ಪೀಜೋ ವಿದ್ಯುತ್ತನ್ನು ತಿರುವುಮುರುವಾಗಿ ಬಳಸಿ, ಕರೆಂಟು ಕೊಟ್ಟಾಗ ಬಾಗುವ ಪುಟ್ಟ ಗೋಡೆಯಿಂದ ಶಾಯಿ ನೂಕುವುದು. ಇದರಲ್ಲಿ ಶಾಯಿ ಕುದಿಯಬೇಕಾಗಿಲ್ಲ.

ಓದುಗರ ಗೀಟಿನ ಗುಟ್ಟು ಇರುವುದು ಈ ನೂಕುವ ಕೆಲಸದಲ್ಲೇ. ಬಾವಿಕಟ್ಟೆಯ ಪಂಪನ್ನು ನೆನೆಯಿರಿ. ಬಾವಿ ತುಂಬ ನೀರಿದ್ದರೂ, ಪೈಪಿನೊಳಗೆ ಗಾಳಿ ಹಿಡಿದರೆ ಮೋಟಾರು ಬರಿದೇ ಗುಂಯ್‌ಗುಟ್ಟುತ್ತದೆ. ನೀರು ಕುಗ್ಗುವುದಿಲ್ಲ, ನೂಕಿದರೆ ಸರಿಯುತ್ತದೆ. ಗಾಳಿ ಕುಗ್ಗಿ, ನೂಕಿದ ಬಲವನ್ನೆಲ್ಲ ತಾನೇ ನುಂಗುತ್ತದೆ. ಟ್ಯಾಂಕ್ ಪ್ರಿಂಟರಿನಲ್ಲೂ ಶಾಯಿಯ ಮಟ್ಟ ಕೆಳಗೆ, ನಳಿಕೆಗಳಿರುವ ಹೆಡ್ ಮೇಲೆ. ನಡುವಿನ ಕೊಳವೆಯಲ್ಲೋ ಹೆಡ್ಡಿನ ಒಳಗೋ ಒಂದು ಗುಳ್ಳೆ ಕೂತರೆ ಪುಟ್ಟ ಗೋಡೆ ಎಷ್ಟು ಬಾಗಿದರೂ ಹನಿ ಹೊರಡದು. ಪಂಪಿಗೆ ಫುಟ್‌ವಾಲ್ವ್ ಇದ್ದಂತೆ ಇಲ್ಲಿ ಕ್ಯಾಪ್ ಇದೆ: ಕೆಲಸವಿಲ್ಲದಾಗ ನಳಿಕೆಗಳನ್ನು ಮುಚ್ಚುವ ರಬ್ಬರ್ ಅಂಚಿನ ಬಟ್ಟಲು. ಹೆಡ್ ಕ್ಲೀನಿಂಗ್ ಎಂದರೆ ಇದೇ ಬಟ್ಟಲಿನ ಮೂಲಕ ಶಾಯಿಯನ್ನು ಹೀರುವುದು. ಅಂಚಿಗೆ ಒಣ ಶಾಯಿ ಮೆತ್ತಿದ್ದರೆ ಹೀರಿದಾಗ ಬರುವುದು ಶಾಯಿಯಲ್ಲ, ಹೊರಗಿನ ಗಾಳಿ. ಹಾಗಾಗಿ ಕ್ಲೀನಿಂಗ್ ಮಾಡಿದಷ್ಟೂ ಗೀಟು ಹೆಚ್ಚುವುದು ಸಹಜ. ಹೀರಿದ ಶಾಯಿಯೆಲ್ಲ ಒಳಗಿನ ಸ್ಪಂಜಿಗೆ ಹೋಗುತ್ತದೆ. ಅದು ತುಂಬಿತೆಂದು ಲೆಕ್ಕ ಬಂದ ದಿನ ಪ್ರಿಂಟರು ಮುಷ್ಕರ ಹೂಡುತ್ತದೆ.

ಇನ್ನು ಮೂಲ ಅಪರಾಧಿ. ಮೇ ತಿಂಗಳ ಗುಡುಗು ಸಿಡಿಲಿಗೆ ಹೆದರಿ ನಾವು ಗೋಡೆಯ ಸ್ವಿಚ್ಚನ್ನೇ ಪಟಕ್ಕನೆ ಆರಿಸುತ್ತೇವೆ, ಪ್ಲಗ್ ಕೀಳುತ್ತೇವೆ. ಆ ಕ್ಷಣ ಹೆಡ್ ಮಧ್ಯದಾರಿಯಲ್ಲಿದ್ದರೆ ಕ್ಯಾಪಿನ ಮೇಲೆ ಹೋಗಿ ಕೂರುವುದೇ ಇಲ್ಲ. ಬಾಯಿ ತೆರೆದ ನಳಿಕೆಗಳು ರಜೆ ಪೂರ್ತಿ ಹಾಗೇ ಆರುತ್ತವೆ, ಎಸಿ ಕೋಣೆಯಲ್ಲಾದರೆ ಇನ್ನೂ ಬೇಗ. ಪ್ಲಗ್ ಕೀಳುವುದು ತಪ್ಪಲ್ಲ. ಮೊದಲು ಪ್ರಿಂಟರಿನದೇ ಬಟನ್ ಒತ್ತಿ, ಅದರ ಸದ್ದು ನಿಂತ ಮೇಲೆ ಕೀಳಬೇಕು.

ಈಗಾಗಲೇ ಕೆಟ್ಟಿದ್ದರೆ ನಾಝಲ್ ಚೆಕ್ ಎಂಬ ಪರೀಕ್ಷಾ ಪುಟ ತೆಗೆದು ನೋಡಿ. ಪ್ರತಿ ಸಲವೂ ಅದೇ ಜಾಗದಲ್ಲಿ ಗೆರೆ ತುಂಡಾಗಿದ್ದರೆ ಅಲ್ಲಿ ಶಾಯಿ ಒಣಗಿರುವ ಸಂಭವ ಹೆಚ್ಚು. ತುಂಡಾಗುವ ಜಾಗ ಬದಲಾಗುತ್ತಿದ್ದರೆ ಗಾಳಿ. ಗಾಳಿಗೆ ಮದ್ದು ತಾಳ್ಮೆ: ಟ್ಯಾಂಕಿನ ಕೆಳಗೀಟಿಗಿಂತ ಶಾಯಿ ಇಳಿಯದಂತೆ ತುಂಬಿಸಿ, ಒಂದೆರಡು ಕ್ಲೀನಿಂಗ್ ಮಾಡಿ, ರಾತ್ರಿಯಿಡೀ ಮುಟ್ಟದೆ ಬಿಡಿ. ಕ್ಯಾಪಿನ ಅಂಚನ್ನು ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಬಹುದು. ಬಾವಿ ನೀರು ಬೇಡ, ಅದರಲ್ಲಿ ಕರಗಿದ ಲವಣಗಳೇ ನಳಿಕೆಯಲ್ಲಿ ಉಳಿದುಬಿಡುತ್ತವೆ. ಹೆಡ್ ಕಾರ್ಟ್ರಿಡ್ಜಿನಲ್ಲೇ ಇರುವ ಮಾದರಿಯಾದರೆ ಕೆಲಸ ಸುಲಭ; ನಳಿಕೆಯ ತಳ ಒರೆಸಿ, ಅದಕ್ಕೂ ಬಗ್ಗದಿದ್ದರೆ ಕಾರ್ಟ್ರಿಡ್ಜನ್ನೇ ಬದಲಿಸಿದರಾಯಿತು.

ಸಿರಿಂಜಿನಲ್ಲಿ ಬಿಸಿನೀರೋ ಗಾಜು ಒರೆಸುವ ದ್ರಾವಣವೋ ತುಂಬಿ ಹೆಡ್ಡಿಗೆ ಒತ್ತುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ಆ ಒತ್ತಡಕ್ಕೆ ಒಳಗಿನ ಪದರ ಹರಿದರೆ ಹೊಸ ಹೆಡ್ ಹಾಕಿಸುವ ಬದಲು ಹೊಸ ಪ್ರಿಂಟರನ್ನೇ ತರಬೇಕಾದೀತು. ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಪುಟ ತೆಗೆಯಿರಿ. ಖರ್ಚಾಗುವ ಶಾಯಿ ಒಂದು ಹೆಡ್ ಕ್ಲೀನಿಂಗಿಗಿಂತ ಕಡಿಮೆ.