ಇಪ್ಪತ್ತೈದಕ್ಕೆ ಶುರುವಾಗುವ ಕ್ರಿಸ್ಮಸ್

ನಮ್ಮ ಆಫೀಸಿಗೆ ಕ್ರಿಸ್ಮಸ್ ನವೆಂಬರ್ ಕೊನೆಗೇ ಬಂದುಬಿಡುತ್ತದೆ. ರಿಸೆಪ್ಷನ್ ಪಕ್ಕ ಪ್ಲಾಸ್ಟಿಕ್ ಮರ, ಅದರ ಬುಡದಲ್ಲಿ ಒಳಗೇನೂ ಇಲ್ಲದ ಗಿಫ್ಟ್ ಡಬ್ಬಿಗಳು, ಚೀಟಿ ಎತ್ತಿ ಸೀಕ್ರೆಟ್ ಸಾಂಟಾ, ಒಂದು ವಾರ ಕೇಕ್, ಇನ್ನೊಂದು ವಾರ ಎಲ್ಲರೂ ಕೆಂಪು ಬಟ್ಟೆ ಹಾಕಿ ಫೋಟೊ. 26ನೇ ತಾರೀಕು ಬೆಳಿಗ್ಗೆ ಹೌಸ್‌ಕೀಪಿಂಗ್‌ನವರು ಮರವನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಸ್ಟೋರ್ ರೂಮಿಗೆ ಸಾಗಿಸುತ್ತಾರೆ. ಹಬ್ಬ ಮುಗಿಯಿತು.

ನನ್ನೂರು ನೆಟ್ಟಣ. ಹೆಸರು ಕೇಳಿಲ್ಲ ಅಂತೀರಾ? ಬೆಂಗಳೂರಿಂದ ಮಂಗಳೂರಿಗೆ ಹೋಗುವ ರೈಲು ಸಕಲೇಶಪುರದ ಘಾಟಿ ಇಳಿದ ಮೇಲೆ ‘ಸುಬ್ರಹ್ಮಣ್ಯ ರೋಡ್’ ಅಂತ ಸ್ಟೇಷನ್ ಬರುತ್ತದಲ್ಲ, ಕುಕ್ಕೆಗೆ ಹೋಗುವವರೆಲ್ಲ ಇಳಿಯುತ್ತಾರಲ್ಲ, ಅದೇ. ಕಡಬ ತಾಲೂಕು. ಸುತ್ತ ರಬ್ಬರ್, ಅಡಿಕೆ, ಅದರಾಚೆ ಕಾಡು. ಅಲ್ಲಿ ನಮ್ಮ ಮನೆಯಲ್ಲಿ ಡಿಸೆಂಬರ್ ಒಂದರಿಂದ ಮೀನು ಇಲ್ಲ, ಮಾಂಸ ಇಲ್ಲ, ಮೊಟ್ಟೆ ಇಲ್ಲ. ಮೊಟ್ಟೆ ಇಲ್ಲ ಅಂದಮೇಲೆ ಕೇಕೂ ಇಲ್ಲ. ಗಂಜಿ, ಹುರುಳಿ, ಮರಗೆಣಸು, ಚಟ್ನಿ. ಆಫೀಸಿನ ಕ್ರಿಸ್ಮಸ್ ಮುಗಿಯುವ ಹೊತ್ತಿಗೆ ನಮ್ಮದು ಶುರುವಾಗುತ್ತದೆ.

ಇದಕ್ಕೆ ‘ಇಪ್ಪತ್ತೈದು ನೋಂಬು’ ಅನ್ನುತ್ತಾರೆ. ಹಳೆಗನ್ನಡದ ‘ನೋಂಪಿ’ ಉಂಟಲ್ಲ, ವ್ರತ ಅಂತ ಅರ್ಥ, ಜೈನರು ಈಗಲೂ ಬಳಸುವ ಪದ, ಅದರ ತಂಗಿ ಇದು. ನಾವು ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರು. ಅಜ್ಜನ ಕಾಲದಲ್ಲಿ ಬಂದು ಗುಡ್ಡ ಕಡಿದು ಮರಗೆಣಸು, ಕಾಳುಮೆಣಸು, ಆಮೇಲೆ ರಬ್ಬರ್ ಹಾಕಿದವರು. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ, ಜಗಳಕ್ಕೂ ಸ್ನೇಹಕ್ಕೂ ತುಳು. ನಮ್ಮಲ್ಲೇ ಬೇರೆ ಬೇರೆ ಸಭೆಗಳುಂಟು: ಸಿರೋ ಮಲಬಾರ್‌ನವರಿಗೆ 1999ರಿಂದ ಬೆಳ್ತಂಗಡಿ ಧರ್ಮಪ್ರಾಂತ್ಯ, ಸಿರೋ ಮಲಂಕರದವರಿಗೆ 2010ರಿಂದ ಪುತ್ತೂರು ಧರ್ಮಪ್ರಾಂತ್ಯ, ಆರ್ಥೊಡಾಕ್ಸ್‌ನವರದ್ದು ಇನ್ನೊಂದು. ಹೊರಗಿನವರಿಗೆ ತಲೆ ಚಿಟ್ಟು ಹಿಡಿಯುವ ವಿಷಯ, ಬಿಡಿ. ಕೊಂಕಣಿ ಮಾತಾಡುವ ಕೆಥೊಲಿಕರದ್ದು ಮತ್ತೊಂದು ಬಗೆಯ ಕಾಯುವಿಕೆ. ಅವರಿಗೆ ನಾಲ್ಕು ಭಾನುವಾರಗಳ ಆಗಮನ ಕಾಲ, ವಾರಕ್ಕೊಂದು ಮೋಂಬತ್ತಿ. ಅಡುಗೆಮನೆಯಲ್ಲಿ ಕುಸ್ವಾರಕ್ಕೆ ಎಣ್ಣೆ ಕಾಯುತ್ತಿರುತ್ತದೆ, ಆದರೆ ಮಕ್ಕಳು ಡಬ್ಬಿಗೆ ಕೈ ಹಾಕಿದರೆ ಬೈಗುಳ ಗ್ಯಾರಂಟಿ. ಒಟ್ಟಿನಲ್ಲಿ ಎಲ್ಲರಲ್ಲೂ ಮೊದಲು ಕಾಯುವುದು, ಆಮೇಲೆ ಹಬ್ಬ.

ಬೆಂಗಳೂರಿಗೆ ಬಂದ ಮೇಲೆ ಈ ಕಾಯುವುದು ನನ್ನಿಂದ ಬಿಟ್ಟುಹೋಯಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೊದಲ ವರ್ಷ ಟೀಮ್ ಲಂಚ್‌ನಲ್ಲಿ ಬಿರಿಯಾನಿ ಎದುರಿಗಿಟ್ಟಾಗ ‘ನಂದು ಉಪವಾಸ’ ಅನ್ನಲು ನಾಚಿಕೆಯಾಯಿತು. ಕ್ರಿಸ್ಮಸ್ ತಿಂಗಳಲ್ಲಿ ಕ್ರಿಶ್ಚಿಯನ್ ಹುಡುಗಿ ಕೇಕ್ ತಿನ್ನುವುದಿಲ್ಲ ಅಂದರೆ ಯಾರು ನಂಬುತ್ತಾರೆ? ತಿಂದೆ. ಎರಡನೇ ವರ್ಷದಿಂದ ನಾಚಿಕೆಯೂ ಇರಲಿಲ್ಲ.

ತಮಾಷೆ ಏನೆಂದರೆ, ಅದೇ ಟೀಮಿನಲ್ಲಿ ನನ್ನ ಎದುರು ಕೂರುವ ಹುಡುಗ ಪ್ರತಿ ವರ್ಷ ನವೆಂಬರ್ ಮಧ್ಯಕ್ಕೆ ಅಯ್ಯಪ್ಪ ಮಾಲೆ ಹಾಕುತ್ತಾನೆ. 41 ದಿನದ ವ್ರತ. ಕಪ್ಪು ಅಂಗಿ, ಬರಿಗಾಲು, ತಣ್ಣೀರು ಸ್ನಾನ, ಊಟದ ಡಬ್ಬಿ ಬೇರೆ. ಮ್ಯಾನೇಜರ್ ಸಮೇತ ಎಲ್ಲರೂ ಅವನನ್ನು ‘ಸ್ವಾಮಿ’ ಅಂತಲೇ ಕರೆಯುವುದು. ಅವನೇನೂ ಭಾಷಣ ಮಾಡುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಬಿರಿಯಾನಿ ದಿನ ಮೊಸರನ್ನ ತಂದು ನಮ್ಮ ಜೊತೆಗೇ ಕೂತು ಉಣ್ಣುತ್ತಾನೆ. ನಾನು ಅವನನ್ನು ನೋಡುತ್ತಾ ಚಿಕನ್ ಕಡಿಯುತ್ತಿದ್ದೆ.

ಡೇಟು, ಸಾಂಟಾ, ಕೋಕಾ-ಕೋಲಾ ಜಾಹೀರಾತು ಅಂತ ವಾದ ಮಾಡುವವರು ಡಿಸೆಂಬರ್‌ನಲ್ಲಿ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸಿಕ್ಕೇ ಸಿಗುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಯೇಸು ಹುಟ್ಟಿದ ತಾರೀಕು ಬೈಬಲ್‌ನಲ್ಲಿ ಇಲ್ಲವೇ ಇಲ್ಲ. ಡಿಸೆಂಬರ್ 25 ಅಂತ ರೋಮ್‌ನಲ್ಲಿ ಆಚರಿಸಿದ ದಾಖಲೆ ಸಿಗುವುದು ನಾಲ್ಕನೇ ಶತಮಾನದಲ್ಲಿ. ಆರ್ಮೇನಿಯಾದ ಸಭೆ ಇವತ್ತಿಗೂ ಜನವರಿ 6ಕ್ಕೇ ಜನನವನ್ನು ಆಚರಿಸುತ್ತದೆ. ಸಾಂಟಾನ ಮೂಲಪುರುಷ ನಿಕೋಲಾಸ್ ಈಗಿನ ಟರ್ಕಿಯಲ್ಲಿದ್ದ ಮೈರಾದ ಬಿಷಪ್, ಹಿಮಸಾರಂಗ ಕಂಡವನೇ ಅಲ್ಲ. ನಮ್ಮಲ್ಲಿ ‘ಗೋದಲಿ’ ಅನ್ನುವ ಕೊಟ್ಟಿಗೆಯ ಪ್ರತಿಕೃತಿಗೂ ಒಂದು ಹುಟ್ಟು ಉಂಟು: 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲು ತುಂಬಿದ ಮೇವಿನ ತೊಟ್ಟಿ ತರಿಸಿ, ಬಡತನದಲ್ಲಿ ಹುಟ್ಟುವುದು ಅಂದರೆ ಏನು ಅಂತ ಜನ ಕಣ್ಣಾರೆ ಕಾಣಲಿ ಅಂದ. ಹೊಸದಾಗಿ ಸೇರಿದ್ದೆಲ್ಲ ಕೆಟ್ಟದ್ದಲ್ಲ ಅಂತ ಇದರಿಂದಲೇ ನನಗೆ ಅನ್ನಿಸುವುದು. ಮರ, ನಕ್ಷತ್ರ, ಕೇಕ್ ಎಲ್ಲ ಇರಲಿ. ನನಗೆ ಕಳೆದುಹೋದದ್ದು ಬೇರೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಅಪ್ಪ ತೀರಿಕೊಂಡರು. ಆ ವರ್ಷ ಕ್ರಿಸ್ಮಸ್‌ಗೆ ನಾನು ಊರಿಗೆ ಹೋಗಲಿಲ್ಲ. ಅಮ್ಮನಿಗೆ ‘ರಜೆ ಇಲ್ಲ’ ಅಂದೆ. ರಜೆ ಇತ್ತು. ಅಪ್ಪ ಇಲ್ಲದ ಮನೆಗೆ ಹೋಗುವ ಧೈರ್ಯ ಇರಲಿಲ್ಲ. ಫ್ರೆಂಡ್ಸ್ ಜೊತೆ ಗೋವಾಕ್ಕೆ ಹೋದೆ, ಬೀಚಿನಲ್ಲಿ ಸಾಂಟಾ ಟೊಪ್ಪಿ ಹಾಕಿ ಫೋಟೊ ತೆಗೆಸಿಕೊಂಡೆ. ಅದನ್ನು ಸ್ಟೇಟಸ್‌ಗೆ ಹಾಕುವಾಗ ಅಮ್ಮನಿಗೆ ಕಾಣದ ಹಾಗೆ ಸೆಟ್ಟಿಂಗ್ ಬದಲಿಸಿದ್ದು ಇವತ್ತಿಗೂ ನೆನಪುಂಟು.

ಕಳೆದ ಡಿಸೆಂಬರ್ ಒಂದಕ್ಕೆ ಮತ್ತೆ ನೋಂಬು ಹಿಡಿದೆ. ದೊಡ್ಡ ನಿರ್ಧಾರ ಏನಲ್ಲ. ಹಿಂದಿನ ರಾತ್ರಿ ಅಮ್ಮ ಫೋನಿನಲ್ಲಿ ‘ನಾಳೆಯಿಂದ ನೋಂಬು’ ಅಂದರು, ಅಷ್ಟೇ. ‘ಹಿಡಿ’ ಅನ್ನಲಿಲ್ಲ. ಆಫೀಸಿನಲ್ಲಿ ಹೇಳಿದೆ. ‘ಓ, ನಿಮ್ಮಲ್ಲೂ ಉಂಟಾ?’ ಅಂತ ಸ್ವಾಮಿಗೆ ಎಲ್ಲರಿಗಿಂತ ಹೆಚ್ಚು ಖುಷಿ. ಮರುದಿನದಿಂದ ಇಬ್ಬರದ್ದೂ ಒಂದೇ ಮೇಜು. ಕೇಕಿನ ದಿನ ನನ್ನ ಪಾಲಿನ ತುಂಡನ್ನು ಗೇಟಿನ ಸೆಕ್ಯುರಿಟಿ ಅಣ್ಣನಿಗೆ ಕೊಟ್ಟೆ. ಎರಡು ದಿನ ತಪ್ಪಿದೆ, ಒಂದು ದಿನ ಮರೆತು ಆಮ್ಲೆಟ್ ತಿಂದದ್ದು, ಇನ್ನೊಂದು ದಿನ ಮರೆಯದೇ ತಿಂದದ್ದು.

ಇನ್ನೊಂದು ಕೆಲಸ ಮಾಡಿದೆ, ಇದು ಯಾರು ಬೇಕಾದರೂ ಮಾಡಬಹುದು. ಲೂಕನ ಸುವಾರ್ತೆಯಲ್ಲಿ ಇರುವುದು 24 ಅಧ್ಯಾಯ. ಡಿಸೆಂಬರ್ ಒಂದಕ್ಕೆ ಶುರು ಮಾಡಿ ರಾತ್ರಿಗೊಂದು ಅಧ್ಯಾಯ ಓದಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. ಒಂದಕ್ಕೆ ಹತ್ತು ನಿಮಿಷ ಸಾಕು, ಮೆಟ್ರೋದಲ್ಲೇ ಆಗುತ್ತದೆ. ಕುರುಬರು, ದೇವದೂತರು, ಮೇವಿನ ತೊಟ್ಟಿ ಎಲ್ಲ ಎರಡನೇ ದಿನಕ್ಕೇ ಬಂದುಹೋದವು. ಇನ್ನೇನುಂಟು ಓದಲು ಅಂದುಕೊಂಡೆ. ಆಮೇಲೆ ಸಿಕ್ಕವರು ಕುಷ್ಠರೋಗಿಗಳು, ವಿಧವೆಯರು, ಮನೆ ಬಿಟ್ಟುಹೋದ ಮಗ. ಹದಿನೈದನೇ ರಾತ್ರಿ ಆ ಮಗನ ಕಥೆ ಬಂದಾಗ ಫೋನ್ ಮಡಚಿಟ್ಟು ಸುಮ್ಮನೆ ಕೂತೆ. ಗೋವಾ ನೆನಪಾಯಿತು.

23ರ ರಾತ್ರಿ ರೈಲು ಹತ್ತಿದೆ. ಮೇಲಿನ ಬರ್ತಿನಲ್ಲಿ ಮಲಗಿ ಆ ದಿನದ ಅಧ್ಯಾಯ ತೆರೆದರೆ ಶಿಲುಬೆಯ ಮರಣ. ಹಬ್ಬಕ್ಕೆ ಹೊರಟವಳ ಕೈಯಲ್ಲಿ ಸಾವಿನ ಅಧ್ಯಾಯ. ಸಕಲೇಶಪುರ ದಾಟಿದ ಮೇಲೆ ನಿದ್ದೆ ಬರಲಿಲ್ಲ. ಘಾಟಿಯಲ್ಲಿ ರೈಲು ನಿಧಾನಕ್ಕೆ ಸುರಂಗದ ಮೇಲೆ ಸುರಂಗ ದಾಟುತ್ತಿತ್ತು. ಬೆಳಗಿನ ಜಾವ ಸ್ಟೇಷನ್‌ನಲ್ಲಿ ಇಳಿದಾಗ ಕುಕ್ಕೆಗೆ ಹೋಗುವವರ ಗುಂಪು ಜೀಪು ಹುಡುಕುತ್ತಿತ್ತು. ಅಮ್ಮ ಶಾಲು ಹೊದ್ದು ಬೆಂಚಿನ ಮೇಲೆ ಕೂತಿದ್ದರು.

ಇಲ್ಲೊಂದು ಪದ್ಧತಿ ಹೇಳಬೇಕು. ಈಸ್ಟರ್‌ಗೆ ಒಂದು ವಾರ ಮೊದಲು ಗರಿಗಳ ಭಾನುವಾರ. ಅವತ್ತು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಡುವ ಎಳೆ ತೆಂಗಿನ ಗರಿಯನ್ನು ನಾವು ಮನೆಗೆ ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸಿಡುತ್ತೇವೆ. (ಗರಿಗೆ ನಮ್ಮೂರಲ್ಲಿ ಬರವಿಲ್ಲ. ದಕ್ಷಿಣ ಏಷ್ಯಾದ ತೆಂಗಿನ ತಳಿಗಳನ್ನು ಕಾಪಿಡುವ ಸಂಶೋಧನಾ ಕೇಂದ್ರ ಇಲ್ಲೇ ಕಿದುವಿನಲ್ಲಿದೆ.) ಅದು ಅಲ್ಲೇ ಒಣಗಿ ಕಂದಾಗುತ್ತದೆ. ಕ್ರಿಸ್ಮಸ್ ರಾತ್ರಿ ಇಗರ್ಜಿಯ ಅಂಗಳದಲ್ಲಿ ಶಿಲುಬೆಯ ಆಕಾರಕ್ಕೆ ಗುಂಡಿ ತೋಡಿ, ಆ ಗರಿಗಳನ್ನು ಹಾಕಿ ಬೆಂಕಿ ಹಚ್ಚುತ್ತಾರೆ. ಹೊಲದಲ್ಲಿ ಕುರಿ ಕಾಯುತ್ತಾ ಚಳಿ ಕಾಯಿಸುತ್ತಿದ್ದ ಕುರುಬರಿಗೆ ಮೊದಲು ಸುದ್ದಿ ಸಿಕ್ಕಿತಲ್ಲ, ಅದರ ನೆನಪಿಗೆ. ಎಲ್ಲರೂ ಸುತ್ತು ಬಂದು ಒಂದೊಂದು ಚಿಟಿಕೆ ಸಾಂಬ್ರಾಣಿ ಬೆಂಕಿಗೆ ಹಾಕುತ್ತಾರೆ.

ಆ ಸಂಜೆ ಜಗಲಿಯಲ್ಲಿ ಕೂತು ಕೊನೆಯ ಅಧ್ಯಾಯವನ್ನು ಅಮ್ಮನಿಗೆ ಕೇಳುವಂತೆ ಓದಿದೆ. ದುಃಖದಲ್ಲಿ ಊರ ದಾರಿ ಹಿಡಿದ ಇಬ್ಬರ ಜೊತೆ ಮೂರನೆಯವನೊಬ್ಬ ಗುರುತು ಹೇಳದೆ ನಡೆದು ಬರುವ ಕಥೆ. ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ ಪಟದ ಹಿಂದಿನಿಂದ ಗರಿ ತೆಗೆದುಕೊಂಡು ಬಂದರು. ಎರಡು ಗರಿ.

“ಇದೆಂತ, ಎರಡು?”

“ಒಂದು ಈ ವರ್ಷದ್ದು. ಇನ್ನೊಂದು ಅಪ್ಪ ತಂದದ್ದು. ಆಚೆ ವರ್ಷ ನೀನು ಬರಲಿಲ್ಲ, ಒಬ್ಬಳೇ ಹಾಕ್ಲಿಕ್ಕೆ ನನಗೆ ಆಗ್ಲಿಲ್ಲ ಮೋಳೇ.”

ಅಪ್ಪನ ಗರಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಪೇಪರಿನಲ್ಲಿ ಸುತ್ತಿ, ಜೀಪಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆವು. ರಾತ್ರಿ ಮಂಜು ಬೀಳುತ್ತಿತ್ತು. ಬೆಂಕಿ ಹತ್ತಿದ ಮೇಲೆ ಅಮ್ಮ ಒಂದು ತುದಿ ಹಿಡಿದರು, ನಾನೊಂದು ತುದಿ. ಎಸೆದದ್ದು ಯಾರು ಮೊದಲು ಅಂತ ಗೊತ್ತಾಗಲಿಲ್ಲ. ಒಣಗಿದ್ದಲ್ಲವಾ, ಸರ್‍ರನೆ ಹತ್ತಿ ಕ್ಷಣದಲ್ಲಿ ಇಲ್ಲವಾಯಿತು. ಸಾಂಬ್ರಾಣಿ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು, ಹಾಗಾಗಿ ನಮ್ಮನ್ನು ಯಾರೂ ವಿಶೇಷವಾಗಿ ನೋಡಲಿಲ್ಲ.

ಬೆಳಿಗ್ಗೆ ಅಪ್ಪಂ, ಕೋಳಿ ಸ್ಟ್ಯೂ. ಇಪ್ಪತ್ತನಾಲ್ಕು ದಿನ ಬಿಟ್ಟು ತಿಂದ ಕೋಳಿಯ ರುಚಿಯನ್ನು ಬರೆದು ತಿಳಿಸಲು ಆಗುವುದಿಲ್ಲ. ಪಕ್ಕದ ಮನೆಯ ಗೌಡರ ಅಕ್ಕನಿಗೆ ಅಪ್ಪಂ ಕೊಡಲು ಹೋದರೆ, “ನಿನ್ನಮ್ಮ ಆಚೆ ವರ್ಷ ನಕ್ಷತ್ರ ಕೂಡ ಕಟ್ಟಲಿಲ್ಲ ಮಾರಾಯ್ತಿ” ಅಂದರು. ಅದೂ ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಅಮ್ಮ ನನ್ನ ಬ್ಯಾಗಿಗೆ ಒಂದು ಸಣ್ಣ ಕಾಗದದ ನಕ್ಷತ್ರ ತುರುಕಿದರು. ಬೆಂಗಳೂರಿಗೆ ಬಂದು ಆಫೀಸಿಗೆ ಹೋದರೆ ಮರ ಆಗಲೇ ಸ್ಟೋರ್ ರೂಮ್ ಸೇರಿತ್ತು. ಸಂಜೆ ಪಿಜಿಯ ಕಿಟಕಿಗೆ ನಕ್ಷತ್ರ ಕಟ್ಟಿ ಲೈಟ್ ಹಾಕಿದೆ. ಪಿಜಿ ಆಂಟಿ ಬಂದು ನೋಡಿದರು.

“ಹಬ್ಬ ಮುಗೀತಲ್ಲಮ್ಮ, ಈಗ್ಯಾಕೆ ಕಟ್ತಿದ್ದೀಯ?”

“ಇಲ್ಲ ಆಂಟಿ, ಈಗ ಶುರುವಾಗಿದ್ದು. ಜನವರಿ ಆರನೇ ತಾರೀಕು ದನಹಾ ಹಬ್ಬ, ಅಲ್ಲಿವರೆಗೂ ಉಂಟು.”

ಅವರು ನಕ್ಷತ್ರವನ್ನೂ ಸ್ವಿಚ್ಚನ್ನೂ ಒಮ್ಮೆ ನೋಡಿದರು. “ಎಲ್‌ಇಡಿ ತಾನೇ? ಇರ್ಲಿ ಬಿಡು.”