ಬಿಲ್ ಕೇಳೋಕೆ ಸಂಕೋಚ ಯಾಕೆ?

ಕಳೆದ ಬೇಸಿಗೆಯಲ್ಲಿ ಸೇಡಂನ ಒಂದು ಅಂಗಡಿಯಲ್ಲಿ ಮಿಕ್ಸರ್ ಕೊಂಡೆ. ಬಿಲ್ ಕೇಳಿದರೆ, "ಯಾಕ್ರೀ ಅಕ್ಕಾ, ನಾವೇನ್ ಓಡಿ ಹೋಗ್ತೀವೇನ್ರಿ? ಬಿಲ್ ಬೇಕಂದ್ರ ಜಿಎಸ್‌ಟಿ ಬೀಳ್ತದ ನೋಡ್ರಿ" ಅಂದರು. ಐದುನೂರು ಉಳಿಯಿತಲ್ಲ ಅಂತ ನಾನೂ ಸುಮ್ಮನಾದೆ. ಎರಡೇ ತಿಂಗಳಿಗೆ ಮೋಟಾರು ಸುಟ್ಟಿತು. ವಾರಂಟಿ ಕಾರ್ಡಿನಲ್ಲಿ ತಾರೀಖೂ ಇಲ್ಲ, ಅಂಗಡಿಯ ಮೊಹರೂ ಇಲ್ಲ. "ನಮ್ಮಲ್ಲೇ ತಗೊಂಡಿದ್ದಕ್ಕ ಏನದ ಪುರಾವೆ?" ಎಂದು ಅದೇ ಅಣ್ಣ ಕೇಳಿದಾಗ ಬಾಯಿ ಕಟ್ಟಿತು.

ಚಿತ್ತಾಪುರ, ಚಿಂಚೋಳಿಯ ಗೆಳತಿಯರದೂ ಇದೇ ಕಥೆ. ಪರಿಚಯದ ಅಂಗಡಿ, ಬಿಲ್ ಕೇಳಿದರೆ ಏನಂದುಕೊಳ್ತಾರೋ ಎಂಬ ಸಂಕೋಚ. ಆದರೆ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು 200 ರೂ. ಒಳಗಿನ ಖರೀದಿಗೆ, ನೀವು ಕೇಳದಿದ್ದರೆ ಮಾತ್ರ, ಬಿಲ್ ಬಿಡಬಹುದು. 'ಎಸ್ಟಿಮೇಟ್' ಅಂತ ಗೀಚಿಕೊಡುವ ಬಿಳಿ ಚೀಟಿ ಬಿಲ್ ಅಲ್ಲ. ಅಂಗಡಿಯ ಹೆಸರು, ತಾರೀಖು, ಮಾಲಿನ ಹೆಸರು, ಬೆಲೆ ಇವೆಯೇ ನೋಡಿಕೊಳ್ಳಿ. ವಾರಂಟಿ ಕಾರ್ಡಿಗೂ ಅಲ್ಲೇ ಮೊಹರು ಹಾಕಿಸಿ.

"ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಇರುತ್ತಲ್ಲ, ಅದಕ್ಕೆ ಹೆದರಬೇಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಅನುಚಿತವೇ.

ಫೋನಿನಲ್ಲೇ ದುಡ್ಡು ಕೊಟ್ಟಿದ್ದೀನಲ್ಲ ಎನ್ನುವಿರೇನೋ. ಆ ಮೆಸೇಜು ದುಡ್ಡು ಹೋದದ್ದನ್ನು ಹೇಳುತ್ತದೆ, ಏನು ಕೊಂಡಿರಿ ಅಂತ ಹೇಳೋದಿಲ್ಲ. ಇನ್ನು ಮಷೀನಿನಿಂದ ಬರುವ ನುಣುಪು ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ನಮ್ಮ ಶಹಾಬಾದಿನ ಸೆಕೆಗಂತೂ ಕೇಳೋದೇ ಬೇಡ. ಅಂದೇ ಫೋಟೋ ತೆಗೆದಿಡಿ, ಇಲ್ಲವೇ ಜೆರಾಕ್ಸ್ ಮಾಡಿಸಿ.

ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಖರೀದಿಗೆ ಹೋಗುವವರೂ ಬಿಲ್ ಬಿಡಬೇಡಿ. 1986ರ ಹಳೆಯ ಕಾಯ್ದೆಯಿದ್ದಾಗ ಅಂಥ ದೂರಿಗೆ ಸಾಮಾನ್ಯವಾಗಿ ಅಂಗಡಿಯಿರುವ ಊರಿಗೇ ಅಲೆಯಬೇಕಿತ್ತು. ಈಗ ನಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂ.ವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಬೇಕೇಬೇಕೆಂದಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ.

ನನ್ನ ಮಿಕ್ಸರ್ ವೈಂಡಿಂಗ್‌ಗೆ 900 ರೂ. ಹೋಯಿತು. ಮೊನ್ನೆ ಅದೇ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕೊಂಡೆ. ಬಿಲ್ ಬರೆದು ಮೊಹರು ಒತ್ತುವ ತನಕ ಕೌಂಟರ್ ಬಿಟ್ಟು ಕದಲಲಿಲ್ಲ.